ಗಂಡನ ಹೆಸರಿನ ಖಾನೆ

ಇಂಡಿ ಊರಿನ ನಮ್ಮ ಮಹಿಳಾ ಸಂಘದ ಹೊಲಿಗೆ ತರಬೇತಿಗೆ ಕಂಪ್ಯೂಟರಿನಲ್ಲೇ ಅರ್ಜಿ ತುಂಬುವ ಪುಟವನ್ನು ಸೊಸೆ ವಿದ್ಯಾ ಮಾಡಿದ್ದಳು. ಯಾವ ಖಾನೆಯೂ ಖಾಲಿ ಉಳಿಯದಂತೆ ಜಾವಾಸ್ಕ್ರಿಪ್ಟ್ ಎಂಬ ಕೋಡಿನಲ್ಲಿ ಕಾವಲು ಹಾಕಿಸಿದವಳು ಸಂಘದ ಅಧ್ಯಕ್ಷೆಯಾದ ನಾನೇ. ಅರೆಬರೆ ದಾಖಲೆ ನನಗೆ ಸೇರುವುದಿಲ್ಲ.

ಕೊನೆಯ ದಿನ ಲಚ್ಯಾಣ ಹಳ್ಳಿಯಿಂದ ಕಾಶೀಬಾಯಿ ಬಂದಳು. ಗಂಡನ ಹೆಸರು ಕೇಳಿದ್ದೇ ತಡ, ಸೆರಗು ಬಾಯಿಗೆ ಹೋಯಿತು.

"ಹಂಗ ಹ್ಯಾಂಗ ಹೇಳ್ಲಿರಿ ಬಾಯಾರ?"

ಖಾಲಿ ಬಿಟ್ಟು ಗುಂಡಿ ಒತ್ತಿದರೆ 'ಗಂಡನ ಹೆಸರು ಬರೆಯಿರಿ' ಎಂದು ಪುಟ ತಡೆಯಿತು.

"ಹೆಸರಿಲ್ದ ಅರ್ಜಿ ಹೋಗೂದಿಲ್ಲವ್ವಾ. ಇವತ್ತ ತಪ್ಪಿದ್ರ ತರಬೇತಿನೂ ಇಲ್ಲ," ಎಂದೆ.

ನಮ್ಮ ಕಡೆ ಗಂಡನ ಹೆಸರನ್ನು ನೇರ ಹೇಳುವಂತಿಲ್ಲ; ಪ್ರಾಸದ ಸಾಲಿನೊಳಗೆ ಹೆಣೆದು ಒಡಪು ಕಟ್ಟಿ ಹೇಳಬೇಕು. ಕಾಶೀಬಾಯಿ ಎದ್ದು ನಿಂತಳು.

"ನಿಂಬಿ ಗಿಡಕ್ಕ ನೀರ ಹಾಕೇನಿ ನಿತ್ಯ, ಶಿವಪ್ಪರು ಹೇಳಿದ ಮಾತೆಲ್ಲಾ ಸತ್ಯ!"

ವಿದ್ಯಾ ಗಡಿಬಿಡಿಯಲ್ಲಿ ಅಷ್ಟನ್ನೂ ಟೈಪಿಸಿದಳು. 'ಹೆಸರು ಬಹಳ ಉದ್ದವಾಯಿತು' ಎಂದಿತು ಪುಟ.

"ಸತ್ಯ ಅನ್ನೂದು ತಗೀರಿ ಅಕ್ಕಾರ," ಎಂದಳು ಕಾಶೀಬಾಯಿ, "ಅದು ಹ್ಯಾಂಗಿದ್ರೂ ಸುಳ್ಳು."

ವಿದ್ಯಾ ಮಿಕ್ಕಿದ್ದನ್ನೂ ಅಳಿಸಿದಳು; ಖಾನೆಯಲ್ಲಿ ಶಿವಪ್ಪ ಒಬ್ಬನೇ ಉಳಿದ. ಅರ್ಜಿ ಹೋಯಿತು.

ಅವಳು ಹೋದಮೇಲೆ ವಿದ್ಯಾ ನಗುತ್ತ ಕೇಳಿದಳು: "ಅತ್ತಿ, ಅಧ್ಯಕ್ಷರ ಅರ್ಜಿನೂ ಬಾಕಿ ಐತ್ರಿ. ನೀವು ಮಾವಾರ ಹೆಸರ ಹೇಳ್ರಿ, ನಾ ಟೈಪ್ ಹೊಡೀತೇನಿ."

ಬಿ.ಎ. ಓದಿದವಳು ನಾನು. ಕೀಬೋರ್ಡನ್ನು ನನ್ನ ಕಡೆ ಎಳೆದುಕೊಂಡು, ತುಟಿ ಬಿಚ್ಚದೆ, ಒಂದೊಂದೇ ಅಕ್ಷರ ಒತ್ತಿದೆ.