ಗೌರಿಯ ಬೆವರಿನ ಉಪ್ಪು

ಮಗಳು ಗೌರಿಯ ಹಣೆಗೆ ಮುತ್ತಿಟ್ಟರೆ ತುಟಿಗೆ ಉಪ್ಪು ಹತ್ತುತ್ತಿತ್ತು. ನಮ್ಮೂರು ಮಕ್ತಲಿನ ಬಿಸಿಲಿನಲ್ಲಿ ಯಾರ ಬೆವರು ಉಪ್ಪಾಗಿರುವುದಿಲ್ಲ ಎಂದು ನಾನು ಸುಮ್ಮನಾದೆ. ಅತ್ತೆ ಸುಮ್ಮನಾಗಲಿಲ್ಲ. ಮಗುವಿನ ಮೈಯಲ್ಲಿ ಉಪ್ಪು ಹೆಚ್ಚಾಗಿದೆ ಎಂದು ಊಟದಲ್ಲಿ ಉಪ್ಪನ್ನೇ ಬಿಡಿಸಿದರು. ಕೆಮ್ಮು ನಿಲ್ಲದು. ತಿಂದದ್ದು ಮೈಗೆ ಹತ್ತದು. ಬೇಸಿಗೆಯ ಒಂದು ಮಧ್ಯಾಹ್ನ ಕೂಸು ಕುಸಿದು ಬಿತ್ತು.

ಹೈದರಾಬಾದಿನಲ್ಲಿ ಬೆವರಿನ ಉಪ್ಪು ಅಳೆಯುವ ಸ್ವೆಟ್ ಟೆಸ್ಟ್ ಮಾಡಿದರು.

ಸಿಸ್ಟಿಕ್ ಫೈಬ್ರೋಸಿಸ್.

ಹುಟ್ಟಿನಿಂದ ಬಂದ ರೋಗ, ಎದೆಯಲ್ಲಿ ಕಫ ಅಂಟಿಕೊಳ್ಳುತ್ತದೆ, ಉಪ್ಪೆಲ್ಲ ಬೆವರಿನಲ್ಲಿ ಹೋಗಿಬಿಡುತ್ತದೆ, ಇವಳಿಗೆ ಹೆಚ್ಚಿಗೆ ಕೊಡಬೇಕು ಎಂದರು ಡಾಕ್ಟರಮ್ಮ. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮನೆಗೆ ಬಂದ ಮೇಲೆ, ಈ ಬೇನೆ ನಿಮ್ಮ ಕಡೆಯಿಂದ ಬಂತೇ ಎಂದು ನನ್ನನ್ನೇ ಕೇಳಿದರು. ನನಗೆ ಅಳುವಿನಲ್ಲೂ ನಗು ಬಂತು. ನನ್ನ ಗಂಡ ನನ್ನ ಸೋದರಮಾವನ ಮಗ. ನನ್ನ ತಾಯಿಯ ತವರನ್ನು ಬೈದರೆ ಅತ್ತೆ ತಮ್ಮ ಗಂಡನ ಮನೆಯನ್ನೇ ಬೈದಂತೆ.

ಡಾಕ್ಟರಮ್ಮ ತೆಲುಗಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದ್ದರು. ಈ ಜೀನ್ ಎಲ್ಲರಲ್ಲೂ ಜೋಡಿಯಾಗಿರುತ್ತದೆ, ತಾಯಿಯದೊಂದು, ತಂದೆಯದೊಂದು. ಒಂದರಲ್ಲಷ್ಟೇ ದೋಷವಿದ್ದವರು ಕ್ಯಾರಿಯರ್. ಅವರಿಗೆ ಈ ರೋಗವಿರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಕ್ಯಾರಿಯರ್ ಆದರೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವ. ನಮ್ಮಿಬ್ಬರಿಗೂ ಅದು ಒಂದೇ ಅಜ್ಜನಿಂದಲೋ ಅಜ್ಜಿಯಿಂದಲೋ ಇಳಿದು ಬಂದಿರಬಹುದು.

ಆಗ ನನಗೆ ತಂಗಿಯ ನೆನಪಾಯಿತು.

ಮಹಾದೇವಿಯನ್ನು ನನ್ನ ಮೈದುನನಿಗೇ ಕೊಡುವುದೆಂದು ಮಾತಾಗಿತ್ತು. ಇಬ್ಬರಿಗೂ ರಕ್ತಪರೀಕ್ಷೆ ಮಾಡಿಸಿದೆವು. ಇಬ್ಬರೂ ಕ್ಯಾರಿಯರ್. ಮದುವೆಗೆ ಅಡ್ಡಿಯಿಲ್ಲ, ಬಸಿರಿನಲ್ಲೇ ಪರೀಕ್ಷೆ ಮಾಡಿಸಬಹುದು ಎಂದರು ಡಾಕ್ಟರಮ್ಮ. ಆದರೆ ದಿನವೂ ಗೌರಿಯ ಬೆನ್ನು ತಟ್ಟಿ ನಾನು ಕಫ ಬಿಡಿಸುವುದನ್ನು ತಂಗಿ ಕಂಡಿದ್ದಳು. ಒಲ್ಲೆ ಎಂದಳು. ಮೈದುನನೂ ಬೇಡವೆಂದ.

ಗದ್ವಾಲಿನಿಂದ ಸೀರೆ ವ್ಯಾಪಾರದವರ ಸಂಬಂಧ ಬಂತು. ವಿಷಯ ಬಾಯಿ ಬಿಟ್ಟರೆ ಇದೂ ತಪ್ಪುತ್ತದೆ ಎಂದರು ಅಪ್ಪ. ನನಗೂ ಹೆದರಿಕೆಯೇ. ಹೆಣ್ಣು ನೋಡಲು ಅವರು ನಾರಾಯಣಪೇಟೆಯ ನನ್ನ ತವರಿಗೆ ಬಂದ ದಿನ, ಚಹಾ ಮುಗಿಯುವುದರೊಳಗೆ, ನನ್ನ ಜೊತೆ ಬಂದಿದ್ದ ಅತ್ತೆಯೇ ಮಾತು ತೆಗೆದರು.

"ಹುಡುಗಿಗೆ ಏನೂ ಬ್ಯಾನಿ ಇಲ್ರೀ. ನಮ್ಮ ಮನೆತನದಾಗ ಒಂದು ದೋಷ ಐತಿ, ಆಕಿ ಅದನ್ನ ಹೊತ್ತಾಳ ಅಷ್ಟ. ನಿಮ್ಮ ಹುಡುಗನ ರಕ್ತಾನೂ ಒಮ್ಮೆ ತೋರಿಸ್ರಿ. ಆಮ್ಯಾಲ ಹೂಂ ಅನ್ರಿ."

ಅಪ್ಪ ನೆಲ ನೋಡುತ್ತಿದ್ದರು. ಗೌರಿ ಮಾತ್ರ ಭಜಿ ತಿನ್ನುವ ಮೊದಲು, ತಿಂದದ್ದು ಅರಗಿಸುವ ತನ್ನ ಎನ್‌ಜೈಮ್ ಕ್ಯಾಪ್ಸೂಲ್ ನುಂಗುತ್ತಿದ್ದಳು. ಹುಡುಗ ಅವಳನ್ನೇ ನೋಡುತ್ತಿದ್ದ.

"ಎಲ್ಲಿ ಮಾಡ್ತಾರ್ರೀ ಆ ಟೆಸ್ಟು?" ಎಂದ.

ರಿಪೋರ್ಟಿನಲ್ಲಿ ಅವನಿಗೆ ದೋಷ ಕಾಣಲಿಲ್ಲ. ಟೆಸ್ಟಿಗೆ ಎಲ್ಲ ದೋಷಗಳೂ ಸಿಗುವುದಿಲ್ಲ, ಆದರೂ ಭಯ ತೀರಾ ಕಡಿಮೆ ಎಂದರು ಡಾಕ್ಟರಮ್ಮ. ಹುಟ್ಟುವ ಮಕ್ಕಳು ಕ್ಯಾರಿಯರ್ ಆಗಬಹುದು. ದೊಡ್ಡವರಾದ ಮೇಲೆ ಅವರಿಗೂ ತಿಳಿಸಬೇಕು.

ಗೌರಿಯ ಕೆಮ್ಮು ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ತೂಕ ಏರಿದೆ, ಶಾಲೆಗೆ ಹೋಗುತ್ತಾಳೆ. ಚಿಕ್ಕಮ್ಮನ ಮದುವೆಯಲ್ಲಿ ಓಡಾಡಿ ಬೆವೆತು ಊಟಕ್ಕೆ ಕುಳಿತಳು. ಬಡಿಸುತ್ತಾ ಬಂದ ಅತ್ತೆ ಎಲ್ಲರ ಎಲೆಗೂ ಚಿಟಿಕೆ ಉಪ್ಪು ಹಾಕಿದರು. ಮೊಮ್ಮಗಳ ಎಲೆಯ ಹತ್ತಿರ ನಿಂತು, ಇನ್ನೊಂದು ಚಿಟಿಕೆ ಹಾಕಿ ಮುಂದೆ ಹೋದರು.