ತಡಿ ಎನ್ನುವವಳು, ತಡೆಯದವಳು

ನಮ್ಮ ಕೆಲಸದ ಕೋಣೆಯ ಕಿಟಕಿಯ ಕೆಳಗೆ ಒಂದು ಮೀನುಬುಟ್ಟಿಯಿದೆ. ಅದರ ತುಂಬ ಭತ್ತದ ಹುಲ್ಲು, ಹುಲ್ಲಿನೊಳಗೆ ಇಶಾಡು ಮಾವು. ಮೀನಿಗೂ ಮಾವಿಗೂ ಎಲ್ಲಿಯ ನಂಟು ಎಂದು ನೀವು ಮೂಗು ಮುಚ್ಚಿಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ: ಬುಟ್ಟಿ ಹೊಸದು, ಜಗಳ ಹಳೆಯದು.

ಅಂಕೋಲೆಯಲ್ಲಿ ನಾವು ಮೂವರು ಹೆಂಗಸರು ಸೇರಿ ಇಶಾಡಿನ ರಸ ತೆಗೆದು ಬಾಟಲಿ ತುಂಬುತ್ತೇವೆ. ವರ್ಷದ ಅನ್ನವೆಲ್ಲ ಆ ಒಂದು ಸುಗ್ಗಿಯಲ್ಲೇ ಹುಟ್ಟಬೇಕು. ಹಿಲ್ಲೂರಿನ ರೈತರ ಮನೆಯ ನಾಗಮ್ಮ ಪ್ರತಿ ಹಣ್ಣಿನ ತೊಟ್ಟನ್ನೂ ಮೂಸಿ ನೋಡಿ ‘ತಡಿ’ ಎನ್ನುವವಳು. ಸದಾಶಿವಗಡದಲ್ಲಿ ಹುಟ್ಟಿ ಇಲ್ಲಿಯ ಮೀನುಗಾರರ ಮನೆ ಸೇರಿದ ಶೇವಂತಿಗೆ ಕಾಯುವುದೇ ಗೊತ್ತಿಲ್ಲ. ಬೆಳಗ್ಗೆ ಇಳಿಸಿದ ಬುಟ್ಟಿ ಮಧ್ಯಾಹ್ನಕ್ಕೆ ಖಾಲಿಯಾಗಬೇಕು. ನಮ್ಮ ಕಡೆ ತಡಿ ಎಂದರೆ ಕಾಯು ಎಂದೂ ಹೌದು, ಹೊಳೆಯ ದಡವೆಂದೂ ಹೌದು. ಇವರಿಬ್ಬರೂ ಎರಡು ತಡಿಯಲ್ಲಿ ನಿಂತು ಕೂಗಾಡುವವರು. ನಡುವೆ ದೋಣಿಯಿಲ್ಲದ ನಾನು.

“ತಡಿ ಮಾರಾಯ್ತಿ, ಇದ್ಕಿನ್ನೂ ವಾಸ್ನೆ ಬರ್ಲಿಲ್ಲ” ಎನ್ನುವಳು ನಾಗಮ್ಮ.

“ನೀ ತಡಿ ಅಂದ್ರೆ ಹಣ್ಣು ತಡೀತದಾ? ಕೊಳೀತದೆ!” ಎನ್ನುವಳು ಶೇವಂತಿ.

ಹೋದ ಸುಗ್ಗಿಯಲ್ಲಿ ಮಗಳ ಬಾಣಂತನಕ್ಕೆಂದು ನಾಗಮ್ಮ ಒಂದು ವಾರ ಊರಿಗೆ ಹೋದಾಗ ನನಗೆ ಹಾಯೆನಿಸಿತು. ಕೋಣೆ ಮಧ್ಯಾಹ್ನದ ಗುಡಿಯ ಹಾಗೆ ಶಾಂತ. ಬಾಟಲಿಗಳು ಸಾಲುಗಟ್ಟಿದ್ದೇ ಸಾಲುಗಟ್ಟಿದ್ದು. ಆದರೆ ಹಣ್ಣಿನ ಜೊತೆ ಅರೆ ಮಾಗಿದ ದೋರೆಗಾಯಿಗಳೂ ಸೇರಿ ಆ ವಾರದ ರಸವೆಲ್ಲ ಹುಳಿ ಹೊಡೆಯುತ್ತಿತ್ತು. ಕೊಂಡವರು ಬಾಟಲಿ ಹಿಂದಕ್ಕೆ ತಂದರು. ಇನ್ನೊಮ್ಮೆ ಹೀಗಾದರೆ ಬಾಗಿಲು ಮುಚ್ಚುವುದೊಂದೇ ಉಳಿದಿತ್ತು.

ನಾಗಮ್ಮ ಮರಳಿದ ದಿನ ನಡೆದ ಜಗಳವನ್ನು ಬೀದಿಯೆಲ್ಲ ಕೇಳಿತು. ಶೇವಂತಿ ಎರಡು ಹೊಸ ಮೀನುಬುಟ್ಟಿ ತಂದು ಕುಕ್ಕಿದಳು. “ಮೀನು ವಿಂಗಡ್ಸಿದ ಹಾಂಗೆ ವಿಂಗಡ್ಸು! ಇವತ್ತಿಂದು ನಂಗೆ, ನಾಳೆದು ನಿಂಗೆ!” ನಾಗಮ್ಮ ಅಷ್ಟೇ ಸಿಟ್ಟಿನಲ್ಲಿ, ದೋರೆಗಾಯಿ ಹಣ್ಣಾಗಲೆಂದು ನಾಳೆಯ ಬುಟ್ಟಿಗೆ ಹುಲ್ಲು ಹಾಸಿದಳು. ಹೊಸ ವಿಧಾನವೊಂದು ಹುಟ್ಟಿತೆಂದು ಆಗ ಯಾರಿಗೂ ಹೊಳೆಯಲಿಲ್ಲ. ಅಂದಿನಿಂದ ಹುಳಿಯೂ ಇಲ್ಲ, ಕೊಳೆತವೂ ಇಲ್ಲ. ನಾನು ಬಯಸಿದಂತೆ ಅವರು ರಾಜಿಯಾಗಿದ್ದರೆ ಅರ್ಧ ಹುಳಿ, ಅರ್ಧ ಕೊಳೆತ ಎರಡೂ ಸಿಗುತ್ತಿದ್ದವು. ನನ್ನ ಮಾತು ಕೇಳದ ಆ ಇಬ್ಬರಿಗೂ ನಾನು ಋಣಿ.

ಇಂದು ಬೆಳಗ್ಗೆ ಬಂದಾಗ ಕೋಣೆಯಲ್ಲಿ ಸದ್ದೇ ಇರಲಿಲ್ಲ. ಮತ್ತೆ ಹುಳಿಯ ವಾರ ಬಂತೇ ಎಂದು ಒಳಗೆ ಇಣುಕಿದೆ. ಇಬ್ಬರೂ ಹುಲ್ಲಿನ ಬುಟ್ಟಿಯ ಮುಂದೆ ಕೂತಿದ್ದರು. ಹಣ್ಣನ್ನು ಮೂಗಿಗೆ ಹಿಡಿದಿದ್ದವಳು ಶೇವಂತಿ.

“ತಡಿ” ಎಂದಳು.

“ಎಂತ ತಡಿಯೇ? ಹಾಕು ಬೇಗ!” ಎಂದು ಗದರಿದಳು ನಾಗಮ್ಮ.

ಸದ್ಯ, ಶುರುವಾಯಿತಲ್ಲ ಎಂದುಕೊಂಡು ನಾನು ಬುಟ್ಟಿಯ ಪಕ್ಕ ಮಣೆ ಎಳೆದು ಕೂತೆ.