ಕರೆಯುವತನಕ ಕೂತವಳು

ಮದುವೆಯಾಗಿ ನಾನು ಹೋದದ್ದು ಮಳವಳ್ಳಿ ಕಡೆಯ ಬ್ಲಫ್ ಎಂಬ ಊರಿಗೆ. ಗಂಡ ಅಲ್ಲಿನ ವಿದ್ಯುತ್ ಕೇಂದ್ರದಲ್ಲಿ ಆಪರೇಟರ್, ಪಾಳಿಯ ಕೆಲಸ. ಕ್ವಾರ್ಟರ್ಸಿನ ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಅವನು ಕುಡಿಯುತ್ತಿರಲಿಲ್ಲ, ಕೈ ಎತ್ತಿದವನೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ನಮ್ಮ ಕಡೆಯ ಹಿರಿಯರೆಲ್ಲ ಇದನ್ನೇ ಅವನ ದೊಡ್ಡ ಗುಣವೆಂದು ನನ್ನ ಕಿವಿಗೆ ತುಂಬಿದರು. ಕುಡಿಯದ, ಹೊಡೆಯದ ಗಂಡಸು ಹೆಂಡತಿಗೆ ಇನ್ನೇನು ಕೆಡುಕು ಮಾಡಬಲ್ಲ ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ಅವನು ಮಾತು ನಿಲ್ಲಿಸಿದ. ನಮಗೆ ಮಕ್ಕಳಾಗಿರಲಿಲ್ಲ. ನಾನು ಮದುವೆಗೆ ಮುಂಚೆ ಮಂಡ್ಯದ ಒಂದು ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದವಳು. ನನ್ನ ರಿಪೋರ್ಟನ್ನು ನಾನೇ ಓದಬಲ್ಲೆ. ನನ್ನಲ್ಲಿ ತೊಂದರೆ ಏನೂ ಕಾಣಲಿಲ್ಲ. ನೀವೂ ಒಂದು ಸಲ ಪರೀಕ್ಷೆ ಮಾಡಿಸಿ ಎಂದು ಕೇಳಿದೆ. ಅವತ್ತು ಮುಖ ತಿರುಗಿಸಿದವನು ಮತ್ತೆ ನನ್ನ ಕಡೆ ನೋಡಲಿಲ್ಲ. ತಟ್ಟೆ ಇಟ್ಟರೆ ಉಂಡು ಏಳುತ್ತಿದ್ದ. ಏನು ಬೇಕಾದರೂ ಅವನು ಅತ್ತೆಗೆ ಹೇಳುವುದು, ಅತ್ತೆ ನನಗೆ ಹೇಳುವುದು.

ಹೀಗೇ ವರ್ಷಗಳು ಕಳೆದ ಮೇಲೆ ಒಂದು ಗೌರಿಹಬ್ಬಕ್ಕೆ ಅವನೇ ನನ್ನನ್ನು ಕಾರಿನಲ್ಲಿ ದುದ್ದದ ತವರಿಗೆ ಕರೆತಂದ. ಅಪ್ಪನ ಎದುರು ಕೂತು ಕಾಫಿ ಕುಡಿದ. ನಮ್ಮಮ್ಮನಿಗೆ ಇವಳ ಮೇಲೆ ಸ್ವಲ್ಪ ಬೇಜಾರಿದೆ, ಇಲ್ಲಿ ನಾಲ್ಕು ದಿನ ಇರಲಿ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಅಂದ. ಅಷ್ಟು ಮರ್ಯಾದೆಯಾಗಿ ಅಂದದ್ದಕ್ಕೆ ಅಪ್ಪ ಗೇಟಿನ ತನಕ ಹೋಗಿ ಕಳಿಸಿ ಬಂದರು. ಅದಾದ ಮೇಲೆ ಅವನು ನನ್ನ ಫೋನು ಎತ್ತಲಿಲ್ಲ.

ಕಾದೂ ಕಾದೂ ಸಾಕಾಗಿ ನಾನೇ ಬಸ್ಸು ಹತ್ತಿ ಹೋಗುತ್ತೇನೆಂದು ಬಟ್ಟೆ ಜೋಡಿಸಿಕೊಂಡೆ. ಅಮ್ಮ ಹೆದರಿ ಬೆಸಗರಹಳ್ಳಿಯ ತನ್ನ ಅಣ್ಣನಿಗೆ ಸುದ್ದಿ ಮುಟ್ಟಿಸಿದಳು. ಈ ನನ್ನ ಸೋದರಮಾವ ಸುತ್ತಲಿನ ಊರುಗಳಲ್ಲಿ ನ್ಯಾಯ ಹೇಳುವ ಮನುಷ್ಯ. ಅಣ್ಣತಮ್ಮಂದಿರ ಪಾಲು, ಗಂಡಹೆಂಡಿರ ಜಗಳ, ಬದುವಿನ ತಕರಾರು, ಯಾವುದೇ ಇರಲಿ, ಮಾವ ಬಂದು ಕೂತರೆ ತೀರ್ಮಾನವಾದಂತೆ. ಮಧ್ಯಾಹ್ನದ ಹೊತ್ತಿಗೆ ಬಂದವರು ನನ್ನ ಬ್ಯಾಗು ನೋಡಿ ಹೇಳಿದರು:

"ಕರೀದೆ ಓದ್ರೆ ನಾಳೆ ನಿನ್ಗೇನು ಬೆಲೆ ಇದ್ದದು? ಅವ್ರೇ ಬಂದು ಕರ್ಕೊಂಡೋಗ್ಲಿ. ಅಲ್ಲೀಗಂಟ ನೀನು ಈ ಒಸ್ಲು ದಾಟ್ಬ್ಯಾಡ ಕಣವ್ವ."

ನಾನು ಕೂತೆ. ಮನೆಯಲ್ಲಿ ಸುಮ್ಮನಿರಲಾರದೆ ಮಂಡ್ಯದ ಹಳೆಯ ಲ್ಯಾಬಿಗೇ ಮತ್ತೆ ಕೆಲಸಕ್ಕೆ ಸೇರಿಕೊಂಡೆ. ಅಲ್ಲಿ ನನ್ನ ಜೊತೆಗಿದ್ದ ನರ್ಸಮ್ಮ ನನ್ನ ಕತೆ ಕೇಳಿ, ಒಬ್ಬ ಲಾಯರನ್ನು ಕಂಡು ಒಂದು ಮಾತು ವಿಚಾರಿಸಿ ನೋಡು ಎಂದಳು. ಅದನ್ನು ಮನೆಯಲ್ಲಿ ಹೇಳಿದೆ. ಮಾವನಿಗೆ ಸಿಟ್ಟು ಬಂತು.

"ಲಾಯರ್ ತಾವ ಓದೋಳ್ನ ಯಾವ ಗಂಡ ಕರ್ಕೊಂಡಾನು? ಕೋರ್ಟು ಅನ್ನೋ ಮಾತು ಬಾಯಿಗೆ ಬಂದ್ರೆ ಸಂಸಾರ ಅಲ್ಲಿಗೇ ಮುಗೀತು. ನಾವೇನು ಸತ್ತೋಗಿದ್ದೀವಾ?"

ಮದ್ದೂರಿನ ಒಂದು ಛತ್ರದ ಮಹಡಿಯಲ್ಲಿ ಎರಡೂ ಕಡೆಯವರನ್ನು ಕೂರಿಸಿದರು. ನಾನು, ಅಮ್ಮ ಹೊರಗಿನ ಬೆಂಚಿನ ಮೇಲೆ. ಒಳಗೆ ಕಬ್ಬಿನ ವಿಚಾರ, ನಾಲೆಗೆ ನೀರು ಬಿಡುವ ವಿಚಾರ ಎಲ್ಲ ಬಂದು ಹೋದವು, ನಗುವೂ ಕೇಳಿಸಿತು. ಕೊನೆಗೆ ನನ್ನನ್ನು ಕರೆದರು. ಅತ್ತೆಗೆ ಎದುರು ಮಾತಾಡುತ್ತೀಯಾ ಎಂದು ಕೇಳಿದರು. ಗಂಡ ಯಾಕೆ ಮಾತು ಬಿಟ್ಟ ಎಂದು ಯಾರೂ ಕೇಳಲಿಲ್ಲ. ನಾನೇ ಪರೀಕ್ಷೆಯ ವಿಷಯ ಎತ್ತಿದರೆ, ಗಂಡಸರ ಮುಂದೆ ಅದೆಲ್ಲ ಯಾಕೆ ಎಂದು ಮಾವನೇ ತಡೆದರು. ಗಂಡ ತಲೆ ತಗ್ಗಿಸಿಕೊಂಡೇ ಇದ್ದ. ನನ್ನದೇನೂ ಇಲ್ಲ, ಸ್ವಲ್ಪ ಟೈಮು ಕೊಡಿ ಅಂದ. ಹುಡುಗ ಎಷ್ಟು ವಿನಯವಂತ ಎಂದು ಎಲ್ಲರಿಗೂ ಸಂತೋಷವಾಯಿತು. ಟೈಮು ಕೊಟ್ಟರು. ಮುಂದಿನ ಸಲ ಸೇರಿದಾಗಲೂ ಅವನು ಅದನ್ನೇ ಕೇಳಿದ, ಇವರು ಅದನ್ನೇ ಕೊಟ್ಟರು. ಅದರ ಮುಂದಿನ ಸಲ ಅವನು ಬರಲೇ ಇಲ್ಲ, ಡ್ಯೂಟಿ ಇದೆಯಂತೆ ಎಂದು ಅವನ ಕಡೆಯವರು ಹೇಳಿ ಊಟ ಮಾಡಿ ಹೋದರು.

ಗೌರಿಹಬ್ಬಗಳು ಬಂದು ಹೋದವು. ಆಮೇಲೊಂದು ದಿನ ನಾನು ಕೆಲಸಕ್ಕೆ ಹೋಗಿದ್ದಾಗ ಮಳವಳ್ಳಿ ಕೋರ್ಟಿನ ಸಮನ್ಸು ಹಿಡಿದು ಅಮೀನ ದುದ್ದದ ಮನೆಗೆ ಬಂದಿದ್ದ. ಅಪ್ಪ ಮಾವನಿಗೆ ಫೋನು ಮಾಡಿದ್ದಾರೆ. ತಗೊಳ್ಳಬೇಡಿ, ತಗೊಂಡರೆ ತಾನೇ ಕೇಸು ಎಂದು ಮಾವ ಹೇಳಿದ್ದಾರೆ. ಅಪ್ಪ ವಾಪಸು ಕಳಿಸಿದ್ದಾರೆ. ಸಂಜೆ ಬಂದವಳಿಗೆ ಇದು ತಿಳಿದು, ಅದರಲ್ಲಿ ಏನು ಬರೆದಿತ್ತು ಅಪ್ಪ ಎಂದು ಕೇಳಿದೆ.

"ನಾನು ತಗೊಳ್ನೇ ಇಲ್ವಲ್ಲ ಮಗ. ಅದ್ರಲ್ಲೇನೈತೋ ನಂಗೇನು ಗೊತ್ತು?" ಅಂದರು ಅಪ್ಪ. ಮಾವ ಮಳವಳ್ಳಿಯಲ್ಲಿ ಯಾರಿಗೋ ಹೇಳಿ ಅದನ್ನೆಲ್ಲ ನಿಲ್ಲಿಸುತ್ತಾರಂತೆ ಎಂದೂ ಸೇರಿಸಿದರು. ಕೋರ್ಟಿನವರು ಮತ್ತೊಮ್ಮೆ ಬಂದು ಬಾಗಿಲಿಗೆ ಅಂಟಿಸಿ ಹೋದದ್ದನ್ನು ನನಗೆ ಯಾರೂ ಹೇಳಲಿಲ್ಲ. ಅಪ್ಪ ಅದನ್ನು ಕಿತ್ತು ಬಚ್ಚಲೊಲೆಗೆ ಹಾಕಿದ್ದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಮುಗಿದ ಸುದ್ದಿ ತಿಳಿಸಿದವಳು ಬ್ಲಫಿನ ಪಕ್ಕದ ಕ್ವಾರ್ಟರ್ಸಿನ ಹೆಂಗಸು. ಒಂದು ಬೆಳಿಗ್ಗೆ ಲ್ಯಾಬಿಗೆ ಫೋನು ಮಾಡಿ, ನಿಮ್ಮನೆ ಮುಂದೆ ಶಾಮಿಯಾನ ಹಾಕುತ್ತಿದ್ದಾರೆ ಅಂದಳು. ಅತ್ತೆ ಹೋದರೇನೋ ಅಂದುಕೊಂಡೆ. ಯಾರಿಗೇನಾಯ್ತು ಎಂದು ಕೇಳಿದೆ. "ನಿಂಗೆ ಗೊತ್ತೇ ಇಲ್ವೇನಕ್ಕ?" ಅಂದಳು.

ಅವತ್ತು ಮಧ್ಯಾಹ್ನವೇ ನರ್ಸಮ್ಮ ನನ್ನನ್ನು ಲಾಯರ್ ಹತ್ತಿರ ಕರೆದುಕೊಂಡು ಹೋದಳು. ಸಂಸಾರದ ಕೇಸುಗಳನ್ನೇ ಹೆಚ್ಚಾಗಿ ನೋಡುವ ನಡುವಯಸ್ಸಿನ ಹೆಂಗಸು. ಮೊದಲು ಕೋರ್ಟಿನಿಂದ ನಕಲು ತರಿಸಿದರು, ಆಮೇಲೆ ನನ್ನನ್ನು ಕೂರಿಸಿಕೊಂಡು ಓದಿ ಹೇಳಿದರು. ಗಂಡನ ಅರ್ಜಿಯಲ್ಲಿ ಇದ್ದದ್ದು ಇಷ್ಟು: ಹೆಂಡತಿ ತಾನಾಗಿಯೇ ಮನೆ ತೊರೆದು ಹೋಗಿದ್ದಾಳೆ, ಎರಡು ವರ್ಷ ಮೀರಿದರೂ ಬಂದಿಲ್ಲ, ಒಂದು ದಿನವೂ ಬರುತ್ತೇನೆಂದು ಕೇಳಿಲ್ಲ. ಅದನ್ನು ಅಲ್ಲ ಎನ್ನಲು ನನ್ನ ಕಡೆಯಿಂದ ಯಾರೂ ಇರಲಿಲ್ಲ. ಏಕಪಕ್ಷೀಯವಾಗಿ ವಿಚ್ಛೇದನ ಆಗಿತ್ತು. ಅಪೀಲಿನ ಅವಧಿ ದಾಟುವುದನ್ನೂ ಅವನು ಕಾದು, ಆಮೇಲೆ ಇನ್ನೊಂದು ಮದುವೆಗೆ ಶಾಮಿಯಾನ ಹಾಕಿಸಿದ್ದ.

ನಾವು ಸಮನ್ಸು ತಗೊಂಡೇ ಇಲ್ಲವಲ್ಲ ಎಂದೆ. ಬೇಡವೆಂದು ವಾಪಸು ಕಳಿಸಿದರೆ ತಲುಪಿದ ಹಾಗೇ ಲೆಕ್ಕ ಎಂದರು.

ಮದ್ದೂರಿನ ಮಾತುಕತೆಗಳನ್ನು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಅವರು ಟೈಮು ಕೇಳ್ತಿದ್ದದ್ದು ಯಾಕೆ ಅಂತ ಈಗ ಗೊತ್ತಾಯ್ತಾ? ಮೊದಲ ದಿನದಿಂದಲೂ ಅವರಿಗೊಬ್ಬ ಲಾಯರ್ ಇದ್ದಿರಬೇಕು. ನಿಮಗೆ ಮಾತ್ರ ಇರಲಿಲ್ಲ."

ಆಮೇಲೆ ಅವರು ಒಂದೊಂದಾಗಿ ಬಿಡಿಸಿ ಹೇಳಿದರು. ಇಬ್ಬರಿಗೂ ಬೇಡವಾಗಿದ್ದರೆ ಸೇರಿ ಅರ್ಜಿ ಹಾಕಿ, ಕೆಲವು ತಿಂಗಳು ಕಾದು, ಯಾರ ಮೇಲೂ ತಪ್ಪು ಹೊರಿಸದೆ ಬೇರೆಯಾಗಬಹುದಿತ್ತು. ಒಬ್ಬರಿಗೆ ಬೇಡ, ಒಬ್ಬರಿಗೆ ಬೇಕು ಎಂದಿದ್ದರೆ ತಕರಾರು ಸಲ್ಲಿಸಬಹುದಿತ್ತು, ಸಾಕ್ಷಿ ಹೇಳಬಹುದಿತ್ತು, ಕೇಸು ನಡೆಯುವಾಗಲೇ ಜೀವನಾಂಶ ಕೇಳಬಹುದಿತ್ತು. ರಾಜಿ ಮಾತುಕತೆ ಕೋರ್ಟಿನಲ್ಲೂ ನಡೆಯುತ್ತದೆ, ಒಪ್ಪಿದ್ದನ್ನು ಬರೆದು ಇಬ್ಬರ ಸಹಿ ಹಾಕಿಸುತ್ತಾರೆ. ಲಾಯರ್ ಅಂದರೆ ಸಂಸಾರ ಒಡೆಯಲಿಕ್ಕೇ ಅಂತ ಯಾರು ಹೇಳಿದ್ದು ಎಂದು ಕೇಳಿದರು. ಗಂಡ ಫೋನು ಎತ್ತದಿದ್ದಾಗಲೇ ಬಂದಿದ್ದರೆ, ನಾನು ಬರಲು ಸಿದ್ಧಳಿದ್ದೇನೆ, ಕರೆದುಕೊಂಡು ಹೋಗಿ ಎಂದು ಒಂದು ನೋಟಿಸು ಕಳಿಸಬಹುದಿತ್ತಂತೆ. ಆಮೇಲೆ ಬಿಟ್ಟು ಹೋದಳು ಎಂದು ಹೇಳುವುದು ಅವನಿಗೆ ಅಷ್ಟು ಸುಲಭವಾಗುತ್ತಿರಲಿಲ್ಲ. ಹೋಗಲಿ, ಸಮನ್ಸು ಬಂದ ದಿನವಾದರೂ ಬರಬೇಕಿತ್ತು ಎಂದರು.

ನನಗೆ ಅವನು ಬೇಕಿರಲಿಲ್ಲ. ತೊರೆದು ಹೋದಳು ಎಂಬ ಮಾತು ನನ್ನ ಹೆಸರಿನ ಮುಂದೆ ಇರಬಾರದಿತ್ತು, ಅಷ್ಟೆ. ತೀರ್ಪು ರದ್ದು ಮಾಡಿ ಎಂದು ಅರ್ಜಿ ಹಾಕಿಸಿದೆ. ಹಿರಿಯರು ಮಾತುಕತೆ ನಡೆಸುತ್ತಿದ್ದರು, ಅವರ ಮಾತು ನಂಬಿ ನಾನು ಕೋರ್ಟಿಗೆ ಬರಲಿಲ್ಲ ಎಂಬುದಕ್ಕೆ ಮಾವ ಸಾಕ್ಷಿ ಹೇಳಬೇಕಿತ್ತು. ಅಮ್ಮ ಬೆಸಗರಹಳ್ಳಿಗೆ ಹೋಗಿ ಕೇಳಿಕೊಂಡಳು. ತಾನು ಜೀವಮಾನದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ, ಈಗ ಹತ್ತಿದರೆ ನಾಳೆ ತನ್ನ ಮಾತಿಗೆ ಯಾರು ಬೆಲೆ ಕೊಡುತ್ತಾರೆ ಎಂದು ಮಾವ ಹೇಳಿ ಕಳಿಸಿದರು.

ಅಪ್ಪ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮಳವಳ್ಳಿಯ ಕೋರ್ಟಿನಲ್ಲಿ ನಿಂತರು. ಅಮೀನ ಬಂದದ್ದು ನಿಜವೇ ಎಂದು ಎದುರಿನ ಲಾಯರ್ ಕೇಳಿದಾಗ ನಿಜ ಸ್ವಾಮಿ ಎಂದರು. ಬೇಡ ಎಂದದ್ದು ನಿಜವೇ ಎಂದಾಗಲೂ ನಿಜ ಎಂದರು. ಬಾಗಿಲಿಗೆ ಅಂಟಿಸಿದ್ದೂ ನಿಜ, ಕಿತ್ತದ್ದೂ ನಿಜ. ಸುಳ್ಳು ಹೇಳಲು ಅವರಿಗೆ ಬರುತ್ತಿರಲಿಲ್ಲ. ಅರ್ಜಿ ವಜಾ ಆಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ನನ್ನ ಪಕ್ಕ ಕೂರಲಿಲ್ಲ, ಹಿಂದೆ ಎಲ್ಲೋ ಹೋಗಿ ಕೂತರು.

ಲಾಯರ್ ಪಟ್ಟು ಹಿಡಿದು ನನ್ನ ಒಡವೆ ವಾಪಸು ಕೊಡಿಸಿದರು, ಜೀವನಾಂಶವೂ ಆಯಿತು. ಅವರಿಂದ ಆಗಬಹುದಾದದ್ದನ್ನೆಲ್ಲ ಮಾಡಿದರು.

ಹೋದ ವರ್ಷ ಬೆಸಗರಹಳ್ಳಿಯಲ್ಲಿ ಮಾವನ ಮಗನ ಹೊಸ ಮನೆಯ ಗೃಹಪ್ರವೇಶಕ್ಕೆ ಅಮ್ಮ ಬಲವಂತ ಮಾಡಿ ಕರೆದುಕೊಂಡು ಹೋದಳು. ಊಟಕ್ಕೆ ಕೂತಿದ್ದಾಗ ಬೀಗರ ಕಡೆಯ ಹೆಂಗಸೊಬ್ಬರು ನನ್ನನ್ನು ಯಾರೆಂದು ವಿಚಾರಿಸಿದರು. ಮಾವ ಅಲ್ಲೇ ನಿಂತು ಎಲೆಗಳನ್ನು ನೋಡಿಕೊಳ್ಳುತ್ತಿದ್ದವರು, ನಮ್ಮ ತಂಗಿ ಮಗಳು, ಗಂಡನ್ನ ಬುಟ್ಟು ಬಂದವಳೆ, ನಾನೂ ಎಷ್ಟೋ ಪ್ರಯತ್ನಪಟ್ಟೆ ಎಂದು ಹೇಳಿದರು.

ನಾನು ಎಲೆ ಮಡಚಿ ಎದ್ದೆ. "ನಾನು ಬುಟ್ಟು ಬರ್ನಿಲ್ಲ ಮಾವ. ನೀವು ಕೂತ್ಕೊ ಅಂದ್ರಿ, ಕೂತ್ಕೊಂಡೆ. ಅದ್ನೇ ಕೋರ್ಟು ಬುಟ್ಟೋದ್ಲು ಅಂತ ಬರ್ಕೊಂತು."

"ದೊಡ್ಡೋರ್ಗೆ, ಅದೂ ನಾಕು ಜನದ ಮುಂದೆ, ಇಂಗಾ ಮಾತಾಡದು?" ಅಂದರು ಮಾವ.

"ನಾಕು ಜನದ ಮುಂದೆ ಮಾತಾಡಿ ಅಂತ ನಿಮ್ಮನ್ನ ಕೇಳಿದ್ದೊ. ನೀವು ಬರ್ನಿಲ್ಲ."

ಬಡಿಸುತ್ತಿದ್ದವರು ನಿಂತರು. ಅಮ್ಮ ನನ್ನ ಸೆರಗು ಹಿಡಿದು ಎಳೆದಳು. ನಾನು ಕೈ ತೊಳೆದು ಮದ್ದೂರಿನ ಬಸ್ಸು ಹತ್ತಿದೆ. ಮಾವನ ಕಾಲು ಹಿಡಿದು ತಪ್ಪಾಯಿತು ಅನ್ನು ಎಂದು ಅಮ್ಮ ಆಗಾಗ ಹೇಳುತ್ತಲೇ ಇದ್ದಾಳೆ.

ಮಾವನ ನ್ಯಾಯ ಈಗಲೂ ನಡೆದಿದೆ. ಮೊನ್ನೆ ನಮ್ಮ ನಂಟರ ಪೈಕಿ ಒಬ್ಬ ಹುಡುಗಿಯನ್ನು ಗಂಡ ತವರಿಗೆ ತಂದು ಬಿಟ್ಟಿದ್ದಾನೆ, ಮದ್ದೂರಿನಲ್ಲಿ ಕೂರಿಸಿ ಮಾತಾಡುತ್ತಾರಂತೆ ಎಂದು ಕೇಳಿದೆ. ಆ ಮನೆಯ ನಂಬರು ಹುಡುಕಿ ಫೋನು ಮಾಡಿದೆ. ಎತ್ತಿದವರು ಹುಡುಗಿಯ ಅಪ್ಪ. ಮಾತುಕತೆ ಬೇಡ ಅನ್ನುವುದಿಲ್ಲ, ಮೊದಲು ಅವಳನ್ನು ಒಬ್ಬ ಲಾಯರಿಗೆ ತೋರಿಸಿ, ನಾನೇ ಜೊತೆಗೆ ಬರುತ್ತೇನೆ ಎಂದು ಹೇಳಿದೆ.

"ಬುಟ್ಟು ಬಂದೋಳು ನೀನು, ನಮ್ಗೆ ಏಳ್ಕೊಡ್ತೀಯಾ? ನಮ್ಮನೆ ವಿಸ್ಯ ನಮ್ಗೆ ಬುಡು ಕಣಮ್ಮ," ಎಂದು ಅವರು ಫೋನು ಇಟ್ಟರು.